ಮನೆಯಲ್ಲೇ ಕಾರಿನ ಬ್ಯಾಟರಿ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಯಾರಾದರೂ ಬಾನೆಟ್ ಎತ್ತಿ ನಿಂತಿದ್ದರೆ ಸುಮ್ನೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಹೀಗೆ ನಿಂತು ನಿಂತು ಸ್ವಂತದ್ದೂ ಪಕ್ಕದವರದ್ದೂ ಸೇರಿ ಸುಮಾರು ಬ್ಯಾಟರಿ ಬದಲಿಸಿದ್ದೇನೆ. ಪ್ರತಿ ಸಲವೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

## ಮೊದಲು, ತಪ್ಪು ಬ್ಯಾಟರಿಯದ್ದೇನಾ?

ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಅನ್ನುತ್ತೆ. ಬ್ಯಾಟರಿ ಹೋಯ್ತಾ?

ಡೌನ್ ಆಗಿರುವುದಂತೂ ಹೆಚ್ಚು ಕಡಿಮೆ ಖಚಿತ. ಆದರೆ ಡೌನ್ ಆಗುವುದು ಬೇರೆ, ಕೆಟ್ಟುಹೋಗುವುದು ಬೇರೆ. ರಾತ್ರಿಯೆಲ್ಲಾ ಒಳಗಿನ ದೀಪ ಉರಿದಿದ್ದರೆ ಒಳ್ಳೆಯ ಬ್ಯಾಟರಿಯೂ ಟಕ್ ಟಕ್ ಅನ್ನುತ್ತದೆ. ಆಯುಧಪೂಜೆ ದಿನ ಇದು ತುಂಬಾ ಸಾಮಾನ್ಯ. ಕಾರು ತೊಳೆದು, ನಾಲ್ಕೂ ಬಾಗಿಲು ತೆಗೆದಿಟ್ಟು, ಹಾಡು ಹಾಕಿಕೊಂಡು ಹೂವು ಕಟ್ಟುತ್ತಾ ಎರಡು ಗಂಟೆ ಕಳೆಯುತ್ತೇವೆ. ಆಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋದರೆ ಸೆಲ್ಫೇ ಹೊಡೆಯುವುದಿಲ್ಲ!

ಮೊದಲು ಟರ್ಮಿನಲ್, ಅಂದರೆ ಬ್ಯಾಟರಿ ಮೇಲೆ ಕೇಬಲ್ ಕಚ್ಚಿಕೊಂಡಿರುವ ಗಿಡ್ಡ ಕಂಬ, ಅಲ್ಲಿನ ಕೇಬಲನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅದು ಸಡಿಲವಾಗಿದ್ದರೂ ಇದೇ ಸದ್ದು ಬರುತ್ತದೆ. ಹೆಡ್‌ಲೈಟ್ ಝಗಮಗ ಉರಿಯುತ್ತಿದ್ದು, ಕೀ ತಿರುಗಿಸಿದಾಗಲೂ ಮಂಕಾಗದೆ, ಒಂದೇ ಒಂದು ಟಕ್ ಕೇಳಿಸಿದರೆ ಸ್ಟಾರ್ಟರ್ ಮೋಟರ್ ಮೇಲೆ ಅನುಮಾನ ಪಡಬೇಕು. ಕೀ ತಿರುಗಿಸಿದ ಕೂಡಲೇ ದೀಪ ಮಂಕಾದರೆ ಬ್ಯಾಟರಿಯ ಕಡೆ ನೋಡಿ.

ಮಲ್ಟಿಮೀಟರ್ ಇದೆ. ಎಷ್ಟು ತೋರಿಸಿದರೆ ಸರಿ?

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಅಳೆಯಿರಿ. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಸುಳ್ಳು ಲೆಕ್ಕ ಬರುತ್ತದೆ. ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ, ಒಂದೊಂದು ಸುಮಾರು 2.1 ವೋಲ್ಟಿನದು. ಹಾಗಾಗಿ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್ ಇದೆ ಅಂತ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ಹೋದರೆ ಖಾಲಿ.

ಆಮೇಲೆ ಒಬ್ಬರನ್ನು ಸೆಲ್ಫ್ ಹೊಡೆಯಲು ಕೂರಿಸಿ, ಮೀಟರ್ ಹಿಡಿದು ನೋಡುತ್ತಾ ನಿಲ್ಲಿ. ಆ ಕ್ಷಣದಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ತ್ರಾಣ ಇಲ್ಲ. ಆದರೆ ಈ ಪರೀಕ್ಷೆ ಚಾರ್ಜ್ ಆಗಿರುವ ಬ್ಯಾಟರಿಗೆ ಮಾತ್ರ. ಖಾಲಿ ಬ್ಯಾಟರಿ ಹೇಗೂ ಫೇಲಾಗುತ್ತದೆ. ಎಂಜಿನ್ ಹತ್ತಿದ ಮೇಲೆ 13.8ರಿಂದ 14.5ರ ಆಸುಪಾಸು ಬರಬೇಕು. 12 ಚಿಲ್ಲರೆಯಲ್ಲೇ ನಿಂತಿದ್ದರೆ ಕೆಟ್ಟಿರುವುದು ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್, ಅಂದರೆ ಗ್ಯಾರೇಜಿನವರು ಡೈನಮೋ ಅನ್ನುತ್ತಾರಲ್ಲ, ಅದು. ಹೊಸ ಬ್ಯಾಟರಿ ಹಾಕಿದರೆ ಅದೂ ಎರಡು ದಿನಕ್ಕೆ ಮಲಗುತ್ತದೆ. ಕೆಲವು ಹೊಸ ಕಾರುಗಳು ಪೆಟ್ರೋಲ್ ಉಳಿಸಲು ಬೇಕೆಂದೇ ಚಾರ್ಜಿಂಗ್ ತಗ್ಗಿಸುತ್ತವೆ. ಅದಕ್ಕೇ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ.

ಬ್ಯಾಟರಿ ಮೇಲೆ ಹಸಿರು ಕಣ್ಣಿನಂಥದ್ದಿದೆ. ಹಸಿರು ಕಂಡರೆ ಸಾಕಲ್ವಾ?

ಸಾಲದು. ಆ ಕಣ್ಣು ಆರರಲ್ಲಿ ಒಂದೇ ಸೆಲ್ಲಿನ ಸುದ್ದಿ ಹೇಳುತ್ತದೆ. ಮಿಕ್ಕ ಐದರ ಗತಿ ಅದಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಕಪ್ಪು ಅಂದರೆ ಚಾರ್ಜ್ ಕಡಿಮೆ, ಬಿಳಿ ಅಂದರೆ ಒಳಗಿನ ದ್ರವ ಕಮ್ಮಿ ಆಗಿದೆ. ಬಿಳಿ ಕಂಡ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೋಗಬೇಡಿ, ಬೇರೆ ಬ್ಯಾಟರಿಯಿಂದ ಕೇಬಲ್ ಎಳೆದು ಹತ್ತಿಸುವ ಜಂಪ್ ಸ್ಟಾರ್ಟೂ ಬೇಡ.

ಮೂರೇ ವರ್ಷಕ್ಕೆ ಹೋಯ್ತು. ಮೋಸ ಹೋದೆನಾ?

ಇಲ್ಲ, ನಮ್ಮ ಕಡೆ ಮೂರರಿಂದ ಐದು ವರ್ಷ ಬಂದರೆ ಸರಿಯಾಗೇ ಬಂದಿದೆ ಅಂತ ಲೆಕ್ಕ. ಬ್ಯಾಟರಿಗೆ ಚಳಿಗಿಂತ ಬಿಸಿಲು ಕೆಟ್ಟದ್ದು. ಚಳಿಯಲ್ಲಿ ಅದರ ಸೊರಗು ಬಯಲಾಗುತ್ತದೆ, ಸೊರಗಿಸಿದ್ದು ಮಾತ್ರ ಬೇಸಿಗೆ. ರಾಯಚೂರು, ಕಲಬುರಗಿಯಲ್ಲಿ ಬಿಸಿಲಿಗೇ ನಿಲ್ಲುವ ಕಾರಿಗೂ ಮಡಿಕೇರಿಯ ಶೆಡ್ಡಿನಲ್ಲಿರುವ ಕಾರಿಗೂ ಒಂದೇ ಆಯಸ್ಸು ಬರುವುದಿಲ್ಲ. ಬೆಂಗಳೂರಿನದು ಬೇರೆ ಕಾಯಿಲೆ. ವಾರಕ್ಕೆರಡು ಸಲ ಎರಡು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸಿದರೆ, ಸೆಲ್ಫ್ ಹೊಡೆಯಲು ಖರ್ಚಾದ ಚಾರ್ಜೇ ವಾಪಸ್ ತುಂಬುವುದಿಲ್ಲ.

## ಅಂಗಡಿಗೆ ಹೋಗುವ ಮುಂಚೆ

ಯಾವ ಬ್ಯಾಟರಿ ತರಬೇಕು ಅಂತ ಹೇಗೆ ಗೊತ್ತಾಗುತ್ತೆ?

ಹಳೆಯದರ ಫೋಟೋ ತೆಗೆದುಕೊಳ್ಳಿ. ಮೇಲಿನಿಂದ ಒಂದು, ಲೇಬಲ್ಲಿನದೊಂದು. ಕಾರಿನ ಕೈಪಿಡಿಯಲ್ಲೂ ಬರೆದಿರುತ್ತದೆ. ನಾಲ್ಕು ವಿಷಯ ಹೊಂದಬೇಕು: ಆಂಪಿಯರ್-ಅವರ್ (ಎ.ಎಚ್., ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), ಡಬ್ಬಿಯ ಅಳತೆ, ಟರ್ಮಿನಲ್ ದಪ್ಪ, ಮತ್ತು ಪ್ಲಸ್ ಯಾವ ಕಡೆ ಇದೆ ಅನ್ನುವುದು.

ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ 38ಬಿ20ಎಲ್ ಅಂತ ಬರೆದಿರುವುದನ್ನು ಜಾಸ್ತಿ ನೋಡುತ್ತೀರಿ. ಇದು ಜಪಾನಿ ಲೆಕ್ಕ. 38 ಅದರ ತಾಕತ್ತಿನ ಅಂಕೆ. ಬಿ ಅನ್ನುವುದು ಅಗಲ-ಎತ್ತರದ ಗುಂಪು. 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಕೂರುತ್ತದೆ ಅಂತ ಹೇಳುತ್ತದೆ. ಹಲವು ಯುರೋಪಿಯನ್ ಕಾರು, ಡೀಸೆಲ್ ಗಾಡಿಗಳಲ್ಲಿ ಡಿನ್ 44, ಡಿನ್ 60 ಎಂಬ ಹೆಸರಿನ, ಗಿಡ್ಡ ಟರ್ಮಿನಲ್ ಗುಂಡಿಯಲ್ಲಿ ಕೂತಿರುವ ಬ್ಯಾಟರಿ ಇರುತ್ತದೆ.

ಆ ಕೊನೆಯ ಅಕ್ಷರ ನನಗೆ ಒಂದು ಭಾನುವಾರವನ್ನೇ ಹಾಳು ಮಾಡಿದೆ. ಅಂಗಡಿಯವನು "ಎರಡೂ ಒಂದೇ ಸಾರ್" ಅಂತ ಆರ್ ಕೊಟ್ಟ, ನಾನೂ ತಂದೆ. ಕೂರಿಸಿದ ಮೇಲೆ ಪ್ಲಸ್ ಕೇಬಲ್ ನಾಲ್ಕು ಬೆರಳು ಗಿಡ್ಡ. ಎಳೆದರೆ ಬರುತ್ತಿತ್ತೇನೋ, ಬಾನೆಟ್ಟಿನ ಸರಳಿಗೆ ಉಜ್ಜಿಕೊಂಡು. ಬ್ಯಾಟರಿ ತಿರುಗಿಸಿ ಇಟ್ಟರೆ ಅದನ್ನು ಒತ್ತಿ ಹಿಡಿಯುವ ಕ್ಲಾಂಪ್ ಕೂರುವುದಿಲ್ಲ. ಅಷ್ಟು ಹೊತ್ತಿಗೆ ಅಂಗಡಿಯ ಶಟರ್ ಎಳೆದಾಗಿತ್ತು.

35 ಎ.ಎಚ್. ಇದೆ. 45 ಹಾಕಿಸಿದರೆ ಇನ್ನೂ ಒಳ್ಳೆಯದಲ್ವಾ?

ಟ್ರೇಯಲ್ಲಿ ಸರಿಯಾಗಿ ಕೂತು, ಕ್ಲಾಂಪ್ ಬಿಗಿಯಾಗುವ ಹಾಗಿದ್ದರೆ ಸ್ವಲ್ಪ ದೊಡ್ಡದು ಹಾಕುವುದರಿಂದ ಕೆಡುಕೇನಿಲ್ಲ. ಕೂರದಿದ್ದರೆ ಬೇಡ. ಹಗ್ಗದಲ್ಲಿ ಕಟ್ಟಿದ ಬ್ಯಾಟರಿ ನಮ್ಮ ಹಂಪುಗಳ ಮೇಲೆ ಕುಣಿದರೆ ಒಳಗಿನ ಪ್ಲೇಟುಗಳು ಉದುರುತ್ತವೆ. ಅದಕ್ಕಿಂತ ಕೆಟ್ಟದ್ದು, ಎತ್ತರ ಜಾಸ್ತಿಯಾಗಿ ಪ್ಲಸ್ ಟರ್ಮಿನಲ್ ಬಾನೆಟ್ಟಿಗೆ ತಾಗುವುದು. ಹೇಳಿದ್ದಕ್ಕಿಂತ ಚಿಕ್ಕದಂತೂ ಹಾಕಲೇಬೇಡಿ.

ವಾರಂಟಿ 24+24 ತಿಂಗಳು ಅಂತಾರೆ. ಅಂದರೆ ನಾಲ್ಕು ವರ್ಷ ಫ್ರೀನಾ?

ಅಲ್ಲ. ಮೊದಲ 24 ತಿಂಗಳೊಳಗೆ ಕೆಟ್ಟರೆ ಬದಲಿಗೆ ಬೇರೆ ಬ್ಯಾಟರಿ ಕೊಡುತ್ತಾರೆ. ಎರಡನೇ 24ರಲ್ಲಿ ಹೊಸದರ ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಕಡಿಮೆ ಮಾಡುತ್ತಾರೆ, ಅಷ್ಟೇ. ದಿನ ಹೋದ ಹಾಗೆ ಆ ರಿಯಾಯಿತಿಯೂ ಕರಗುತ್ತದೆ. ಹಾಗಾಗಿ ಒಟ್ಟು ಮೊತ್ತ ನೋಡದೆ ಮೊದಲ ಅಂಕೆ ನೋಡಿ. ಕಾರ್ಡಿನಲ್ಲಿ ಸೀರಿಯಲ್ ನಂಬರು, ತಾರೀಖು, ಅಂಗಡಿಯ ಸೀಲು ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ತಯಾರಾಗಿ ಆರು ತಿಂಗಳ ಮೇಲಾಗಿರುವ, ಗೋದಾಮಿನಲ್ಲೇ ಕೂತಿದ್ದ ಬ್ಯಾಟರಿ ಕೊಟ್ಟರೆ ಬೇರೆ ಕೇಳಿ. ಕೊಡುವ ಮುಂಚೆ ವೋಲ್ಟೇಜ್ ಅಳೆದು ತೋರಿಸಿ ಅನ್ನಿ. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜಿಗೆ ಹಾಕಿಸಿಯೇ ತನ್ನಿ.

## ಕೆಲಸಕ್ಕೆ ಇಳಿದಾಗ

12 ವೋಲ್ಟ್ ತಾನೇ? ಶಾಕ್ ಹೊಡೆಯಲ್ಲ. ಮತ್ತೆ ಇಷ್ಟು ಹೆದರಿಕೆ ಯಾಕೆ?

ಶಾಕ್ ಹೊಡೆಯುವುದಿಲ್ಲ, ನಿಜ. ಒಣ ಕೈಯಲ್ಲಿ ಎರಡೂ ಟರ್ಮಿನಲ್ ಮುಟ್ಟಿದರೂ ಏನೂ ಗೊತ್ತಾಗುವುದಿಲ್ಲ. ಅಪಾಯ ಇರುವುದು ಲೋಹದಲ್ಲಿ. ಒಂದು ಸ್ಪ್ಯಾನರ್ ಪ್ಲಸ್ಸಿಗೂ ಕಾರಿನ ಬಾಡಿಗೂ ಒಟ್ಟಿಗೆ ತಾಗಿದರೆ ಅದರ ಮೂಲಕ ನೂರಾರು ಆಂಪಿಯರ್ ಹರಿಯುತ್ತದೆ. ವೆಲ್ಡಿಂಗ್ ಮಾಡುವಷ್ಟು. ನನ್ನ ಡಬ್ಬಿಯಲ್ಲಿ ಇಂಥದ್ದೊಂದು 10 ನಂಬರ್ ಸ್ಪ್ಯಾನರ್ ಇದೆ. ಅದರ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ತೂತು. ಸುತ್ತ ಲೋಹ ಕರಗಿ ಹನಿಗಟ್ಟಿ ನೀಲಿ ತಿರುಗಿದೆ. ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಸ್ಪ್ಯಾನರ್ ಜಾಗದಲ್ಲಿ ಬೆರಳಿನ ಉಂಗುರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ, ಉಂಗುರ, ಬಳೆ, ಲೋಹದ ವಾಚು ಬಿಚ್ಚಿಟ್ಟು ಕೆಲಸ ಶುರು ಮಾಡಿ. ಕೊರಳಿನ ಸರವನ್ನೂ ತೆಗೆದಿಡಿ, ಬಗ್ಗಿದಾಗ ಜೋತುಬೀಳುತ್ತದೆ.

ಇನ್ನೆರಡು ಅಪಾಯ ಇವೆ. ಒಳಗಿರುವುದು ಗಂಧಕಾಮ್ಲ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು ಡಬ್ಬಿ ಸಿಡಿಯಲು. ಹಾಗಾಗಿ ಬೀಡಿ-ಸಿಗರೇಟು ದೂರ. ಮುಚ್ಚಿದ ಗ್ಯಾರೇಜಿನಲ್ಲಾದರೆ ಬಾಗಿಲು ತೆಗೆದಿಡಿ.

ಏನೇನು ಸಾಮಾನು ಬೇಕು?

ಟರ್ಮಿನಲ್ಲಿಗೆ ಹೆಚ್ಚಾಗಿ 10 ನಂಬರ್ ಸ್ಪ್ಯಾನರ್. ಬ್ಯಾಟರಿ ಒತ್ತಿ ಹಿಡಿಯುವ ಕ್ಲಾಂಪಿಗೆ 10, 12 ಅಥವಾ 13. ಕ್ಲಾಂಪ್ ನಟ್ಟು ಆಳದಲ್ಲಿದ್ದರೆ ಸಾಕೆಟ್ಟಿಗೆ ಉದ್ದ ಎಕ್ಸ್‌ಟೆನ್ಶನ್ ರಾಡ್. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಹಳೇ ಟೂತ್‌ಬ್ರಷ್, ಅಡುಗೆ ಸೋಡಾ, ಒಂದು ಬಕೆಟ್ ನೀರು, ಹಳೇ ಬಟ್ಟೆ, ಸ್ವಲ್ಪ ವ್ಯಾಸಲೀನ್. ಸ್ಪ್ಯಾನರಿನ ಹಿಡಿಕೆಗೆ ಇನ್ಸುಲೇಶನ್ ಟೇಪ್ ಸುತ್ತಿ. ಐದು ನಿಮಿಷದ ಕೆಲಸ, ನನ್ನ ಸ್ಪ್ಯಾನರಿಗೆ ನಾನು ಸುತ್ತಿರಲಿಲ್ಲ.

ಮೊದಲು ಪ್ಲಸ್ಸಾ ಮೈನಸ್ಸಾ? ಪ್ರತಿ ಸಲ ಮರೆತುಹೋಗುತ್ತೆ.

ಕಾರಣ ಗೊತ್ತಾದರೆ ಮರೆಯುವುದಿಲ್ಲ. ಕಾರಿನ ಇಡೀ ಬಾಡಿ, ಎಂಜಿನ್ ಎಲ್ಲಾ ಮೈನಸ್ಸಿಗೆ ಸೇರಿದೆ. ಮೈನಸ್ ಇನ್ನೂ ತಗಲಿಕೊಂಡಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿತೋ, ಶಾರ್ಟ್. ಮೈನಸ್ ಮೊದಲೇ ಬಿಚ್ಚಿದ್ದರೆ ಬಾಡಿ ಬರೀ ತಗಡು. ಪ್ಲಸ್ಸಿನ ಸ್ಪ್ಯಾನರ್ ಎಲ್ಲಿ ತಾಗಿದರೂ ಸುತ್ತು ಪೂರ್ತಿಯಾಗುವುದಿಲ್ಲ. ಅದಕ್ಕೇ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಒಂದೊಂದಾಗಿ ಹೇಳಿ, ಫೋನ್ ಪಕ್ಕದಲ್ಲಿಟ್ಟುಕೊಂಡು ಮಾಡ್ತೀನಿ.

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ. ಕೀ ಹೊರಗೆ ಜೇಬಿನಲ್ಲಿರಲಿ, ಚಾಲಕನ ಕಿಟಕಿ ಇಳಿಸಿರಲಿ. ವಿದ್ಯುತ್ ಹೋದ ಮೇಲೆ ಸೆಂಟ್ರಲ್ ಲಾಕ್ ಯಾವಾಗ ಏನು ಮಾಡುತ್ತದೋ ಹೇಳಲಾಗದು. ಎಂಜಿನ್ ಬಿಸಿ ಇದ್ದರೆ ಆರಲು ಬಿಡಿ.

2. ಒಂದು ಫೋಟೋ ತೆಗೆಯಿರಿ. ಬ್ಯಾಟರಿ ಮೇಲಿನ ಪ್ಲಸ್-ಮೈನಸ್ ಗುರುತು ನೋಡಿ, ಕೇಬಲ್ಲಿನ ಬಣ್ಣ ನಂಬಬೇಡಿ. ಹಳೇ ಕಾರುಗಳಲ್ಲಿ ಯಾರೋ ಯಾವಾಗಲೋ ಎರಡೂ ಕಪ್ಪು ಕೇಬಲ್ ಹಾಕಿರುತ್ತಾರೆ.

3. ಮೈನಸ್ ನಟ್ಟು ಸಡಿಲ ಮಾಡಿ. ಪೂರ್ತಿ ಕಳಚಬೇಕಿಲ್ಲ. ಕೇಬಲ್ಲಿನ ಕ್ಲಾಂಪ್ ತೆಗೆದು, ಬಟ್ಟೆ ಸುತ್ತಿ, ಮತ್ತೆ ಹಾರಿ ಬಂದು ತಾಗದ ಹಾಗೆ ಪಕ್ಕಕ್ಕೆ ಸಿಕ್ಕಿಸಿ.

4. ಪ್ಲಸ್ಸಿನ ಕೆಂಪು ಮುಚ್ಚಳ ಎತ್ತಿ, ಅದನ್ನೂ ಹಾಗೇ ಬಿಚ್ಚಿ.

5. ಹಿಡಿದಿಡುವ ಕ್ಲಾಂಪ್ ಬಿಚ್ಚಿ. ನಟ್ಟು ಕೆಳಗೆ ಬೀಳದ ಹಾಗೆ ಕೈ ಒಡ್ಡಿ. ಒಮ್ಮೆ ಎಂಜಿನ್ನಿನ ಸಂದಿಗೆ ಬಿತ್ತೋ, ಅದನ್ನು ಹುಡುಕುವುದೇ ಉಳಿದ ಕೆಲಸಕ್ಕಿಂತ ದೊಡ್ಡದು.

6. ಬ್ಯಾಟರಿಯನ್ನು ನೆಟ್ಟಗೆ ಎತ್ತಿ, ಓರೆ ಮಾಡಬೇಡಿ. ಚಿಕ್ಕದೇ ಹತ್ತು ಕೆ.ಜಿ. ಹತ್ತಿರ ತೂಗುತ್ತದೆ. ಬಗ್ಗಿ ಕೈ ಚಾಚಿ ಎತ್ತುವಾಗ ಸೊಂಟ ಹಿಡಿದುಕೊಂಡವರಿದ್ದಾರೆ. ದೊಡ್ಡ ಡೀಸೆಲ್ ಬ್ಯಾಟರಿಗೆ ಇನ್ನೊಬ್ಬರನ್ನು ಕರೆಯಿರಿ.

7. ಟ್ರೇ ಒರೆಸಿ. ಹೊಸದನ್ನು ಪ್ಲಸ್ ಇದ್ದ ಕಡೆಯೇ ಪ್ಲಸ್ ಬರುವ ಹಾಗೆ ಇಡಿ. ಮೊದಲು ಹಿಡಿದಿಡುವ ಕ್ಲಾಂಪ್ ಬಿಗಿ ಮಾಡಿ, ಆಮೇಲೆ ಪ್ಲಸ್, ಕೊನೆಗೆ ಮೈನಸ್. ಟರ್ಮಿನಲ್ ಕೈಯಲ್ಲಿ ತಿರುಗಿಸಿದರೆ ಅಲುಗಬಾರದು, ಅಷ್ಟು ಬಿಗಿ ಸಾಕು. ಟರ್ಮಿನಲ್ ಇರುವುದು ಸೀಸದಲ್ಲಿ, ಮೆತ್ತಗಿನ ಲೋಹ. ಜೋರು ಮಾಡಿದರೆ ಕಿತ್ತುಬರುತ್ತದೆ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ.

ಪ್ಲಸ್ ಕಂಬ ಮೈನಸ್ಸಿಗಿಂತ ತುಸು ದಪ್ಪ ಇರುತ್ತದೆ. ಕೇಬಲ್ಲಿನ ಕ್ಲಾಂಪ್ ಒಂದರಲ್ಲಿ ಕೂರದೆ ಇನ್ನೊಂದರಲ್ಲಿ ಲೊಡಲೊಡ ಅಂದರೆ ಅಲ್ಲೇ ನಿಲ್ಲಿ. ಉಲ್ಟಾ ಹಾಕುತ್ತಿದ್ದೀರಿ. ಉಲ್ಟಾ ಹಾಕಿದರೆ ಫ್ಯೂಸು, ಆಲ್ಟರ್ನೇಟರಿನ ಡಯೋಡು, ಗ್ರಹಚಾರ ಕೆಟ್ಟರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕೂಡ ಹೋಗುತ್ತದೆ.

ಟರ್ಮಿನಲ್ ಕಚ್ಚಿಕೊಂಡುಬಿಟ್ಟಿದೆ. ಸುತ್ತಿಗೆಯಿಂದ ತಟ್ಟಲಾ?

ಬೇಡ. ಕಂಬ ಸಡಿಲವಾಗಿ ಅದರ ಬುಡದಿಂದ ಆಸಿಡ್ ಜಿನುಗುತ್ತದೆ. ಸೋಡಾ ನೀರು ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಕ್ಲಾಂಪನ್ನು ಕೈಯಿಂದ ಆ ಕಡೆ ಈ ಕಡೆ ತಿರುಗಿಸುತ್ತಾ ಮೇಲೆಳೆಯಿರಿ. ಬರದಿದ್ದರೆ ಕ್ಲಾಂಪಿನ ಸೀಳಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಅಗಲಿಸಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆದಿದೆ. ಬಿಸಿನೀರು ಸುರಿದರೆ ಹೋಗುತ್ತಂತೆ?

ಹೋಗುತ್ತದೆ. ಆದರೆ ಆ ಆಸಿಡ್ ನೀರು ಟ್ರೇ, ಚಾಸಿಯ ಮೇಲೆಲ್ಲಾ ಹರಿದು ತುಕ್ಕು ಹಿಡಿಸುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಕೇಬಲ್ ಬಿಚ್ಚಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ. ಬುಸ್ ಅಂತ ನೊರೆ ಬಂದರೆ ಆಸಿಡ್ ಸಾಯುತ್ತಿದೆ ಅಂತ. ನೊರೆ ನಿಂತ ಮೇಲೆ ನೀರಿನಲ್ಲಿ ಒರೆಸಿ, ಒಣಗಿಸಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಸೋಡಾ ಒಳಗೆ ಹೋಗಬಾರದು. ಪುಡಿಯನ್ನು ಬರಿಗೈಯಲ್ಲಿ ಕೆರೆಯಬೇಡಿ, ಬಾಯಲ್ಲಿ ಊದಲೂ ಬೇಡಿ.

ಆಸಿಡ್ ತಾಗಿದರೆ?

ಚರ್ಮಕ್ಕಾದರೆ ಕೂಡಲೇ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗಾದರೆ ರೆಪ್ಪೆ ಅಗಲಿಸಿ ಹಿಡಿದು 15-20 ನಿಮಿಷ ಬಿಡದೆ ನೀರು ಹಾಕಿ, ನಂತರ ನೇರ ಆಸ್ಪತ್ರೆಗೆ. ಕಣ್ಣಿಗೆ ಸೋಡಾ, ಹಾಲು, ಎಣ್ಣೆ ಏನೂ ಬೇಡ. ಆ ಬಕೆಟ್ ನೀರು ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಕೊನೆಗೆ ಮೈನಸ್ ತಾಗಿಸುವಾಗ ಚಟ್ ಅಂತ ಕಿಡಿ ಬಂತು. ಏನಾದರೂ ಸುಟ್ಟಿತಾ?

ಚಿಕ್ಕ ಕಿಡಿ ಸಹಜ. ಕಾರಿನ ಗಡಿಯಾರ, ಅಲಾರಂ, ಕಂಪ್ಯೂಟರುಗಳು ಒಮ್ಮೆಲೇ ಕರೆಂಟ್ ಎಳೆದುಕೊಳ್ಳುತ್ತವೆ. ಬಾಗಿಲು ಮುಚ್ಚಿದ್ದು, ದೀಪ ಎಲ್ಲಾ ಆಫ್ ಇದ್ದರೆ ಕಿಡಿ ಇನ್ನೂ ಕಮ್ಮಿ. ದೊಡ್ಡ ಕಿಡಿ ಬಂದು ಸದ್ದಾದರೆ ತಕ್ಷಣ ತೆಗೆದು, ಪ್ಲಸ್-ಮೈನಸ್ ಮತ್ತೊಮ್ಮೆ ನೋಡಿ.

## ಹಾಕಿದ ಮೇಲೆ

ಗಡಿಯಾರ ಸೊನ್ನೆಗೆ ಬಂತು, ಕಿಟಕಿ ಒಂದೇ ಒತ್ತಿಗೆ ಏರ್ತಿಲ್ಲ, ಎಂಜಿನ್ ನಡುಗುತ್ತೆ. ಏನೋ ಹಾಳು ಮಾಡಿದೆನಾ?

ಏನೂ ಹಾಳಾಗಿಲ್ಲ, ಕಾರು ಮರೆತಿದೆ ಅಷ್ಟೇ. ಹೆಚ್ಚಿನ ಕಾರುಗಳಲ್ಲಿ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಎತ್ತಿ ಹಿಡಿದರೆ ಮತ್ತೆ ಕಲಿಯುತ್ತದೆ. ಐಡ್ಲಿಂಗ್ ಒಂದೆರಡು ದಿನ ಓಡಿಸುವಷ್ಟರಲ್ಲಿ ಸರಿಹೋಗುತ್ತದೆ. ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ. ಅದನ್ನು ಬ್ಯಾಟರಿ ಬಿಚ್ಚುವ ಮುಂಚೆ ಹುಡುಕಿಟ್ಟುಕೊಳ್ಳುವವರು ಜಾಣರು.

ಹೊಸ ಬ್ಯಾಟರಿ ಹಾಕಿದರೂ ವಾರ ನಿಲ್ಲಿಸಿದರೆ ಡೌನ್ ಆಗುತ್ತೆ. ಬ್ಯಾಟರಿಯೇ ಸರಿ ಇಲ್ವಾ?

ಯಾವುದೋ ಸದ್ದಿಲ್ಲದೆ ಕರೆಂಟ್ ಕುಡಿಯುತ್ತಿದೆ. ಲಾಕ್ ಮಾಡಿ ನಿಂತ ಕಾರು 50 ಮಿಲಿಆಂಪಿಯರ್ ಒಳಗೆ ಎಳೆಯಬೇಕು. ಅಷ್ಟೇ ಎಳೆದರೂ 35 ಎ.ಎಚ್. ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕಿಳಿಯುತ್ತದೆ. ಇದರ ಮೇಲೆ ಡ್ಯಾಶ್‌ಕ್ಯಾಮು, ಜಿಪಿಎಸ್ ಟ್ರ್ಯಾಕರು, ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್ ಸೇರಿದರೆ ಕೇಳಬೇಕಾ? ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಸಾಮಾನೇ.

ಪತ್ತೆ ಮಾಡಲು ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿ. ಬಾಗಿಲು ಮುಚ್ಚಿ, ಲಾಕ್ ಮಾಡಿ, ಅರ್ಧ ಗಂಟೆ ಕಾಯಿರಿ. ಕಂಪ್ಯೂಟರುಗಳು ಮಲಗಬೇಕಲ್ಲ. ಆಮೇಲೂ ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ತೆಗೆದು ನೋಡಿ. ಯಾವುದನ್ನು ಕಿತ್ತಾಗ ಅಂಕೆ ಧೊಪ್ಪನೆ ಇಳಿಯಿತೋ ಕಳ್ಳ ಆ ಲೈನಿನಲ್ಲಿದ್ದಾನೆ. ಮೀಟರ್ ಸೇರಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.

ಹಳೇ ಬ್ಯಾಟರಿ ಗುಜರಿಗೆ ಹಾಕಲಾ?

ಹೊಸದು ತಂದ ಅಂಗಡಿಗೇ ಕೊಡಿ, ಬಿಲ್ಲಿನಲ್ಲಿ ಒಂದಷ್ಟು ಕಡಿಮೆ ಮಾಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಕಸದ ಜೊತೆ ಸೇರಿಸುವ ಹಾಗಿಲ್ಲ. ಬೀದಿ ಗುಜರಿಯವನು ನೂರು ರೂಪಾಯಿ ಜಾಸ್ತಿ ಕೊಡಬಹುದು. ಆದರೆ ಅವನ ಕಡೆಯವರು ಆಸಿಡ್ಡನ್ನು ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲಿ ಕರಗಿಸುತ್ತಾರೆ. ಆ ಹೊಗೆ ಅಲ್ಲೇ ಆಡುವ ಮಕ್ಕಳ ರಕ್ತಕ್ಕೆ ಸೇರುತ್ತದೆ.

## ಸ್ವಲ್ಪ ಮುಂದುವರಿದವರಿಗೆ

ಎಂಜಿನ್ ಚಾಲೂ ಇಟ್ಟುಕೊಂಡೇ ಬದಲಿಸಿದರೆ ಸೆಟ್ಟಿಂಗ್ ಉಳಿಯುತ್ತಂತೆ?

ಕಾರ್ಬುರೇಟರ್ ಕಾಲದ ಗಾಡಿಯಲ್ಲಿ ಹಾಗೆ ಮಾಡುತ್ತಿದ್ದರು. ಈಗಿನ ಕಾರಿನಲ್ಲಿ ಬೇಡವೇ ಬೇಡ. ಆಲ್ಟರ್ನೇಟರಿನ ಏರಿಳಿತವನ್ನು ನುಂಗಿಕೊಳ್ಳುವುದು ಬ್ಯಾಟರಿ. ಅದನ್ನು ಕಿತ್ತ ಕ್ಷಣ ವೋಲ್ಟೇಜ್ ಮೇಲಕ್ಕೆ ಜಿಗಿದು ಇಸಿಯು ಸುಡಬಹುದು. ಗಡಿಯಾರ ಸರಿಮಾಡಲು ಒಂದು ನಿಮಿಷ ಸಾಕಲ್ವಾ?

ಸಿಗ್ನಲ್ಲಿನಲ್ಲಿ ತಾನಾಗೇ ಆಫ್ ಆಗುವ ಕಾರು ನನ್ನದು. ಮಾಮೂಲಿ ಬ್ಯಾಟರಿ ಹಾಕಬಹುದಾ?

ಹಾಕಿದರೆ ಓಡುತ್ತದೆ, ಬಾಳುವುದಿಲ್ಲ. ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆಯುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಗಟ್ಟಿ ಜಾತಿಯ ಬ್ಯಾಟರಿ ಕೊಟ್ಟಿರುತ್ತಾರೆ. ಬಂದದ್ದು ಇಎಫ್‌ಬಿ ಆದರೆ ಅದನ್ನೇ ಹಾಕಿ. ಎಜಿಎಂ ಇದ್ದರೆ ಕೆಳಗಿಳಿಯಬೇಡಿ. ಮೈನಸ್ ಟರ್ಮಿನಲ್ಲಿಗೆ ಚಿಕ್ಕ ಪೆಟ್ಟಿಗೆಯಂಥ ಸೆನ್ಸರ್ ಅಂಟಿಕೊಂಡಿದ್ದರೆ ಅದನ್ನು ಮೀಟಬೇಡಿ, ತಿರುಚಬೇಡಿ. ಬಿಎಂಡಬ್ಲ್ಯೂ, ಆಡಿಯಂಥ ಹಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲದಿದ್ದರೆ ಹಳೇ ಮುದಿ ಬ್ಯಾಟರಿಗೆ ಮಾಡುತ್ತಿದ್ದ ಹಾಗೇ ಇದಕ್ಕೂ ಚಾರ್ಜ್ ಮಾಡುತ್ತದೆ.

ಬ್ಯಾಟರಿ ಡಿಕ್ಕಿಯಲ್ಲಿದೆ. ವ್ಯತ್ಯಾಸ ಇದೆಯಾ?

ಇದೆ. ಅದಕ್ಕೊಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಅನಿಲ ಹೊರಗೆ ಹೋಗಲು. ಹೊಸದಕ್ಕೂ ಅದನ್ನು ಮರೆಯದೆ ಸಿಕ್ಕಿಸಿ, ಇಲ್ಲದಿದ್ದರೆ ಅನಿಲ ನೀವು ಕೂರುವ ಜಾಗಕ್ಕೇ ಬರುತ್ತದೆ. ಕೆಲಸ ಮುಗಿಯುವವರೆಗೆ ಡಿಕ್ಕಿ ಮುಚ್ಚಬೇಡಿ. ಮುಚ್ಚಿದರೆ ಕರೆಂಟಿಲ್ಲದೆ ತೆಗೆಯುವುದು ಹೇಗೆ?

ಎಲೆಕ್ಟ್ರಿಕ್ ಕಾರಲ್ಲೂ 12 ವೋಲ್ಟ್ ಬ್ಯಾಟರಿ ಇದೆಯಂತೆ. ಅದನ್ನೂ ಹೀಗೇ ಬದಲಿಸಬಹುದಾ?

ಇದೆ, ಮತ್ತು ಅದು ಸತ್ತರೆ ಕೆಳಗೆ ನೂರಾರು ಕಿಲೋಮೀಟರಿನ ಚಾರ್ಜ್ ಇದ್ದರೂ ಕಾರು ಏಳುವುದಿಲ್ಲ. ಆದರೆ ಇದನ್ನು ಸರ್ವಿಸ್ ಸೆಂಟರಿಗೆ ಬಿಡಿ ಅಂತಲೇ ನನ್ನ ಸಲಹೆ. ಕಾರು ಆಫ್ ಇದೆ ಅಂದುಕೊಂಡಾಗಲೂ ದೊಡ್ಡ ಬ್ಯಾಟರಿ ಇದನ್ನು ಚಾರ್ಜ್ ಮಾಡುತ್ತಿರಬಹುದು. ಬಿಚ್ಚುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಹೈಬ್ರಿಡ್ಡಿಗೂ ಇದೇ ಮಾತು. ಬಾನೆಟ್ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದರಲ್ಲಿರುವುದು 12 ವೋಲ್ಟ್ ಅಲ್ಲ, ಕೊಲ್ಲುವಷ್ಟು ವೋಲ್ಟೇಜ್. ಮುಟ್ಟಬೇಡಿ.

ಯಾವ ಸ್ಥಿತಿಯಲ್ಲಿದ್ದರೆ ನಾನು ಕೈ ಹಾಕಲೇಬಾರದು?

ಡಬ್ಬಿ ಉಬ್ಬಿದ್ದರೆ, ಬಿರುಕು ಬಿಟ್ಟು ಒಸರುತ್ತಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ. ಎಂಜಿನ್ ಆಫ್ ಮಾಡಿ, ದೂರ ನಿಂತು, ಬ್ಯಾಟರಿ ಅಂಗಡಿಯವರಿಗೆ ಫೋನ್ ಮಾಡಿ. ಬಹಳಷ್ಟು ಅಂಗಡಿಯವರು ಮನೆಗೇ ಬಂದು ಹಾಕಿಕೊಡುತ್ತಾರೆ. ಬಂದವನು ಪ್ಲಸ್ಸಿಗೆ ಮೊದಲು ಸ್ಪ್ಯಾನರ್ ಹಾಕಿದರೆ ನಿಲ್ಲಿಸಲು ಸಂಕೋಚ ಬೇಡ. ನಾನು ಇಬ್ಬರನ್ನು ನಿಲ್ಲಿಸಿದ್ದೇನೆ. ಒಬ್ಬ ನಕ್ಕ, ಇನ್ನೊಬ್ಬ ತನ್ನ ಕಿಟ್ಟಿನಿಂದ ಅಂಚು ಕರಗಿದ ಸ್ಪ್ಯಾನರ್ ತೆಗೆದು ತೋರಿಸಿದ.